ಹಳ್ಳಿಯ ಹಿರಿಯರಿಗೆ ಶಿಬಿರ ಸಾಲದು, ವಾರದ ಕೂಟ ಬೇಕು

ಹೋಬಳಿ ಊರಿನಲ್ಲಿ ವರ್ಷಕ್ಕೊಂದು ಆರೋಗ್ಯ ಶಿಬಿರ ಆಗುತ್ತದೆ. ಪೆಂಡಾಲು, ಮೈಕು, ಬ್ಯಾನರು, ಉದ್ದನೆಯ ಪಾಳಿ. ಬಿಪಿ ನೋಡುತ್ತಾರೆ, ಐದು ದಿನದ ಗುಳಿಗಿ ಕೊಡುತ್ತಾರೆ, ದೊಡ್ಡ ದವಾಖಾನಿಗೆ ತೋರಿಸಿ ಎಂದು ಚೀಟಿ ಬರೆಯುತ್ತಾರೆ. ಆರನೇ ದಿನ ಗುಳಿಗಿ ಮುಗಿಯುತ್ತದೆ, ಚೀಟಿ ಜಂತಿಗೆ ಸಿಕ್ಕಿಸಿದಲ್ಲೇ ಉಳಿಯುತ್ತದೆ. ಇನ್ನೊಂದು ಮಾತಿದೆ. ಆ ಪಾಳಿಯಲ್ಲಿ ನಿಂತವರೆಲ್ಲ ಅಲ್ಲಿಯವರೆಗೆ ನಡೆದು ಬರುವ ಕಸುವು ಇದ್ದವರು. ಮೊಣಕಾಲು ಏಳದವರು, ಕಣ್ಣು ಮಂಜಾದವರು, ಸೊಸೆ ಗುಳೆ ಹೋಗಿ ಮನೆಯಲ್ಲಿ ಒಂಟಿಯಾದವರು ಪಾಳಿಯಲ್ಲೇ ಇರುವುದಿಲ್ಲ. ಶಿಬಿರದ ವರದಿಯಲ್ಲಿ ಬಂದವರ ಲೆಕ್ಕವಿರುತ್ತದೆ, ಬಾರದವರದ್ದಿರುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಈ ಬಾರದವರ ಸಂಖ್ಯೆ ಹೆಚ್ಚು. ತೊಗರಿ ರಾಶಿ ಮುಗಿದ ಮೇಲೆ ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ಹೋಗುತ್ತಾರೆ. ಊರಲ್ಲಿ, ತಾಂಡಾದಲ್ಲಿ ಉಳಿಯುವವರು ಆಯಿ, ಮುತ್ಯಾ ಮತ್ತು ಶಾಲೆಗೆ ಹೋಗುವ ಮೊಮ್ಮಕ್ಕಳು. ಮುಪ್ಪಿನವರು ಆರೈಕೆ ಪಡೆಯುವ ವಯಸ್ಸಿನಲ್ಲಿ ಆರೈಕೆ ಮಾಡುವವರಾಗಿರುತ್ತಾರೆ.

ಕೇಂದ್ರ ಸರ್ಕಾರದ ಹಿರಿಯರ ಆರೋಗ್ಯ ಆರೈಕೆ ಕಾರ್ಯಕ್ರಮ ಶುರುವಾದದ್ದು 2010-11ರಲ್ಲಿ. ಅದರ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ ನಡೆಯಬೇಕು, ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆಂದೇ 10 ಹಾಸಿಗೆಯ ವಾರ್ಡು ಇರಬೇಕು. ಆದರೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರುವುದು ಸುಮಾರು 30,000 ಜನಕ್ಕೆ. ಬಹಳ ಹಳ್ಳಿಗಳಿಗೆ ಅದು ಬಸ್ಸಿನ ದೂರ. ಶಕ್ತಿ ಯೋಜನೆಯಿಂದ ಆಯಿಗೆ ಬಸ್ಸು ಪುಕ್ಕಟೆ ಆಗಿದೆ ನಿಜ, ಬಸ್ಸಿನ ಮೆಟ್ಟಿಲು ಮಾತ್ರ ಮೊದಲಿನಷ್ಟೇ ಎತ್ತರ. ಮನೆಗೂ ಆ ಕ್ಲಿನಿಕ್ಕಿಗೂ ನಡುವಿನ ಈ ಜಾಗವನ್ನು ಊರೇ ತುಂಬಬೇಕು. ಅದಕ್ಕೆ ಬೇಕಾದದ್ದು ಮೂರು: ಎಲ್ಲ ಹಿರಿಯರ ಹೆಸರಿರುವ ಒಂದು ಪಟ್ಟಿ, ವಾರದಲ್ಲಿ ಒಂದು ನಿಗದಿತ ದಿನದ ಕೂಟ, ಬಾರದವರ ಮನೆ ಬಾಗಿಲು ಬಡಿಯುವ ಒಬ್ಬ ಮನುಷ್ಯ. ಮೂರನೆಯದು ತಪ್ಪಿದರೆ ಮೊದಲೆರಡು ಬರೇ ಕಾಗದ.

ಪಟ್ಟಿ

2011ರ ಜನಗಣತಿಯಲ್ಲಿ ಕರ್ನಾಟಕದ ಜನರಲ್ಲಿ 60 ದಾಟಿದವರು ಸುಮಾರು 9.5 ಪ್ರತಿಶತ. ಹಾಗಾಗಿ ಸಾವಿರ ಜನರ ಊರಲ್ಲಿ 95ರಿಂದ 100 ಹಿರಿಯರು ಸಿಗಬೇಕು. ನಿಮ್ಮ ಪಟ್ಟಿಯಲ್ಲಿ 50 ಹೆಸರಿದ್ದರೆ ಯಾವುದೋ ಓಣಿ ಬಿಟ್ಟುಹೋಗಿದೆ ಎಂದೇ ಅರ್ಥ. ಸಾಮಾನ್ಯವಾಗಿ ಬಿಟ್ಟುಹೋಗುವುದು ಊರ ಹೊರಗಿನ ಕೇರಿ, ತಾಂಡಾ, ಹೊಲದಲ್ಲೇ ಗುಡಿಸಲು ಹಾಕಿಕೊಂಡ ಮನೆ.

ಹೊಸದಾಗಿ ಸರ್ವೆ ಮಾಡಬೇಕಿಲ್ಲ. ಆಶಾ ಕಾರ್ಯಕರ್ತೆ 30 ದಾಟಿದ ಪ್ರತಿಯೊಬ್ಬರಿಗೂ ಬಿಪಿ, ಶುಗರ್ ಅಪಾಯದ ಒಂದು ಪ್ರಶ್ನಾವಳಿ ತುಂಬುತ್ತಾರೆ. ಅದರಲ್ಲಿ 60 ದಾಟಿದವರಿಗೆ ನಡೆಯುವಾಗ ತೂಗಾಡುತ್ತೀರಾ, ದಿನದ ಕೆಲಸಕ್ಕೆ ಬೇರೆಯವರ ನೆರವು ಬೇಕೇ, ಮನೆಯವರ ಹೆಸರು ಮರೆಯುತ್ತದೆಯೇ ಎಂಬ ಬೇರೆ ಪ್ರಶ್ನೆಗಳೇ ಇವೆ. ಅಂಗನವಾಡಿಯಲ್ಲಿ ಮನೆವಾರು ಪುಸ್ತಕವಿದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಬಳಿ ಅಂಗವಿಕಲರ ಪಟ್ಟಿ ಇದೆ, ಪೋಸ್ಟ್‌ಮ್ಯಾನ್ ಬಳಿ ಪಗಾರ, ಅಂದರೆ ಮುಪ್ಪಿನ ಪಿಂಚಣಿ, ಬರುವವರ ಹೆಸರುಗಳಿವೆ. ಈ ನಾಲ್ಕನ್ನೂ ಒಂದು ಮೇಜಿನ ಮೇಲಿಟ್ಟು ಒಂದು ಮಧ್ಯಾಹ್ನ ಕೂತರೆ ಪಟ್ಟಿ ತಯಾರು. ಆಧಾರ್ ವಯಸ್ಸನ್ನು ಪೂರ್ತಿ ನಂಬಬೇಡಿ. ಜನವರಿ 1 ಎಂದು ಹುಟ್ಟಿದ ದಿನ ಇರುವವರು ಊರಲ್ಲಿ ಎಷ್ಟು ಜನರಿದ್ದಾರೆ ನೋಡಿದರೆ ಗೊತ್ತಾಗುತ್ತದೆ, ಅದು ಯಾರೋ ಅಂದಾಜಿಗೆ ಬರೆದದ್ದು. ಕೂಟಕ್ಕೆ ಸೇರಿಸಲು ಅಂದಾಜು ಸಾಕು, ಪಗಾರದ ಅರ್ಜಿಗೆ ಮಾತ್ರ ದಾಖಲೆ ಬೇಕು.

ಪ್ರತಿ ಹೆಸರಿನ ಮುಂದೆ ಬರೆಯಬೇಕಾದ್ದು ರೋಗದ ಹೆಸರಿಗಿಂತ ಮೊದಲು ಮೂರು ವಿಷಯ: ತಾನಾಗಿ ಕೂಟಕ್ಕೆ ಬರಬಲ್ಲರೇ, ಕೈ ಹಿಡಿದರೆ ಬರಬಲ್ಲರೇ, ಬರಲಾರರೇ; ಮನೆಯಲ್ಲಿ ಈಗ ಇರುವವರು ಯಾರು; ಹೊರಗಿರುವ ಮಗ ಅಥವಾ ಮಗಳ ಫೋನು. ಗುಳೆ ಹೋಗುವ ಕಾಲ, ವಾಪಸು ಬರುವ ಕಾಲ, ವರ್ಷಕ್ಕೆ ಎರಡು ಸಲ ಈ ಪಟ್ಟಿ ತಿದ್ದಬೇಕು.

ಆರು ಪರೀಕ್ಷೆ, ಒಂದು ಕುರ್ಚಿ

ವಿಶ್ವ ಆರೋಗ್ಯ ಸಂಸ್ಥೆ ಮುಪ್ಪಿನ ಆರೋಗ್ಯವನ್ನು ನೋಡುವುದು ಮನುಷ್ಯನಲ್ಲಿ ಉಳಿದಿರುವ ಕಸುವಿನ ಕಡೆಯಿಂದ. ನಡಿಗೆ, ಊಟ, ಕಣ್ಣು, ಕಿವಿ, ನೆನಪು, ಮನಸ್ಸು ಈ ಆರನ್ನು ಹಳ್ಳಿಯ ಮಟ್ಟದಲ್ಲೇ ಪರೀಕ್ಷಿಸಲು ಅದು 2019ರಲ್ಲಿ ಕೈಪಿಡಿಯೊಂದನ್ನು ಕೊಟ್ಟಿತು. ತರಬೇತಿ ಪಡೆದ ಆಶಾ ಅಥವಾ ಪದವಿ ಓದಿದ ಊರಿನ ಹುಡುಗಿ ಇಪ್ಪತ್ತು ನಿಮಿಷದಲ್ಲಿ ಒಬ್ಬರನ್ನು ನೋಡಿ ಮುಗಿಸಬಹುದು. ಆರು ತಿಂಗಳಿಗೊಮ್ಮೆ ಮಾಡಿದರೆ ಸಾಕು.

ನಡಿಗೆಗೆ: ಕೈಯಿಲ್ಲದ ಗಟ್ಟಿ ಕುರ್ಚಿ, ಗೋಡೆಗೆ ಒತ್ತಿ ಇಟ್ಟದ್ದು. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಊರಿಕೊಳ್ಳದೆ, ಐದು ಸಲ ಪೂರ್ತಿ ಎದ್ದು ಕೂಡಬೇಕು. 14 ಸೆಕೆಂಡಿನೊಳಗೆ ಮುಗಿದರೆ ಸರಿ, ಮೀರಿದರೆ ಕಾಲಿನ ಕಸುವು ಇಳಿದಿದೆ, ಬೀಳುವ ಅಪಾಯವಿದೆ. ಪ್ಲಾಸ್ಟಿಕ್ ಕುರ್ಚಿಯನ್ನು ನುಣುಪು ಫರಸಿಯ ನಡುವೆ ಇಟ್ಟು ಈ ಪರೀಕ್ಷೆ ಮಾಡಿದರೆ ಪರೀಕ್ಷೆಯಲ್ಲೇ ಬಿದ್ದಾರು.

ಊಟಕ್ಕೆ ಎರಡು ಪ್ರಶ್ನೆ. ಮೂರು ತಿಂಗಳಲ್ಲಿ 3 ಕಿಲೋಗಿಂತ ಹೆಚ್ಚು ತೂಕ ಇಳಿದಿದೆಯೇ? ಊಟ ಬೇಡ ಎನಿಸುತ್ತಿದೆಯೇ? ಹಳೆಯ ತೂಕ ಯಾರಿಗೂ ಗೊತ್ತಿರುವುದಿಲ್ಲ. ಆಗ ಕುಪ್ಪಸದ ತೋಳು ಸಡಿಲವಾಗಿದೆಯೇ, ಬಳೆ ಮೊಣಕೈವರೆಗೆ ಜಾರುತ್ತಿದೆಯೇ, ಧೋತರದ ಗಂಟು ನಿಲ್ಲುತ್ತಿಲ್ಲವೇ ಎಂದು ಕೇಳಿ.

ಕಣ್ಣಿಗೆ, ಬೇರೆ ಬೇರೆ ದಿಕ್ಕಿಗೆ ತಿರುಗಿದ E ಆಕಾರದ ಗುರುತಿನ ಚಾರ್ಟನ್ನು 3 ಮೀಟರ್ ದೂರದಲ್ಲಿ ಹಿಡಿದು, ಆ ಗುರುತಿನ ಕಾಲುಗಳು ಯಾವ ಕಡೆ ಇವೆ ಎಂದು ಕೈಯಲ್ಲಿ ತೋರಿಸಲು ಹೇಳುವುದು. ಓದು ಬರಹ ಬೇಕಿಲ್ಲ. ಒಂದೊಂದು ಕಣ್ಣು ಬೇರೆಬೇರೆಯಾಗಿ ನೋಡಬೇಕು. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ. ಪೊರೆ ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಆಶಾಕಿರಣ ಯೋಜನೆಯಲ್ಲಿ ಕನ್ನಡಕವೂ ಉಚಿತ. ಜನ ತಪ್ಪುವುದು ಆಪರೇಷನ್ ಆದ ಮೇಲೆ. ಕಣ್ಣಿನ ಹನಿ ಮುಂದೆ ಕೆಲವು ವಾರ ಹಾಕಬೇಕು, ಮನೆಯಲ್ಲಿ ಹಾಕುವವರಿಲ್ಲದಿದ್ದರೆ ಆ ಕೆಲಸ ಕೂಟದ ಯಾರಿಗಾದರೂ ವಹಿಸಿಕೊಟ್ಟ ನಂತರವೇ ಆಪರೇಷನ್‌ಗೆ ಕಳಿಸಿ.

ಕಿವಿಗೆ, ಅವರ ಹಿಂದೆ ಒಂದು ತೋಳಿನ ದೂರದಲ್ಲಿ ನಿಂತು, ಇನ್ನೊಂದು ಕಿವಿಯನ್ನು ಬೆರಳಿಂದ ಮುಚ್ಚಿಕೊಳ್ಳಲು ಹೇಳಿ, ನಾಲ್ಕು ಪದ ಪಿಸುಗುಡುವುದು. ಮೂರಕ್ಕಿಂತ ಹೆಚ್ಚು ತಿರುಗಿ ಹೇಳಿದರೆ ಕಿವಿ ಸರಿ ಇದೆ. ಹೇಳದಿದ್ದರೆ ಮೊದಲು ಗುಗ್ಗೆ ಇದೆಯೇ ಎಂದು ದವಾಖಾನಿಯಲ್ಲಿ ನೋಡಿಸಬೇಕು. ಎಷ್ಟೋ ಕಿವುಡು ಅಲ್ಲೇ ಬಿಡುತ್ತದೆ. ಕಡ್ಡಿ ಹಾಕುವುದು, ಬಿಸಿ ಎಣ್ಣೆ ಬಿಡುವುದು ಎರಡೂ ಬೇಡ.

ನೆನಪಿಗೆ ಮೂರು ಪದ ಹೇಳಿ, ಬೇರೆ ಮಾತಾಡಿ, ಸ್ವಲ್ಪ ಹೊತ್ತಿನ ಮೇಲೆ ಕೇಳುವುದು. ರೊಟ್ಟಿ, ಬಾಗಿಲು, ಎತ್ತು ಎಂಬಂಥ ಪದ ಇರಲಿ. ಇಲ್ಲಿ ಒಂದು ಎಚ್ಚರ: ಈ ಮೂರು ಜಿಲ್ಲೆಗಳಲ್ಲಿ ಹಿರಿಯರ ಮನೆಮಾತು ಕನ್ನಡವೇ ಆಗಿರಬೇಕಿಲ್ಲ. ತಾಂಡಾದ ಆಯಿಗೆ ಲಂಬಾಣಿಯಲ್ಲಿ, ಬೀದರ್ ಓಣಿಯ ಅಜ್ಜನಿಗೆ ದಖನಿಯಲ್ಲಿ, ಔರಾದ್ ಕಡೆಯವರಿಗೆ ಮರಾಠಿಯಲ್ಲಿ, ಗುರಮಿಠಕಲ್ ಕಡೆಯ ಕೆಲವರಿಗೆ ತೆಲುಗಿನಲ್ಲಿ ಕೇಳದೆ ಮರೆವು ಎಂದು ಬರೆಯುವುದು ತಪ್ಪು. ತಾರೀಖು ಕೇಳುವ ಬದಲು ಇವತ್ತು ಯಾವ ವಾರ, ಮುಂದಿನ ಹಬ್ಬ ಯಾವುದು ಎಂದು ಕೇಳಿ.

ಮನಸ್ಸಿಗೆ: ಕಳೆದ ಎರಡು ವಾರದಲ್ಲಿ ಬ್ಯಾಸರ, ಯಾವುದರಲ್ಲೂ ಭರವಸೆ ಇಲ್ಲ ಎನಿಸಿದೆಯೇ; ಮೊದಲು ಖುಷಿ ಕೊಡುತ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯೇ. ಒಂದಕ್ಕೆ ಹೌದು ಎಂದರೂ ಮುಂದೆ ಕಳಿಸಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. 'ವಯಸ್ಸಾತು, ಹಂಗೇ ಇರ್ತದ' ಎಂದು ಮನೆಯವರು ತಳ್ಳಿಹಾಕುವುದು ಈ ಒಂದು ವಿಷಯದಲ್ಲಿ ತೀರಾ ಅಪಾಯ. ಕ್ರಿಮಿನಾಶಕದ ಡಬ್ಬಿ ಮನೆಯೊಳಗೇ ಇರುವ ಊರುಗಳಿವು. ಅದನ್ನು ಬೀಗ ಹಾಕಿ ಇಡಲು ಹೇಳುವುದೂ ಕೂಟದ ಕೆಲಸವೇ.

ಕೂಟ ಎಲ್ಲಿ, ಯಾವಾಗ

ಜಾಗದ ಆಯ್ಕೆಯಲ್ಲಿ ಅರ್ಧ ಕಾರ್ಯಕ್ರಮ ತೀರ್ಮಾನವಾಗಿಬಿಡುತ್ತದೆ. ಹನುಮಾನ ಗುಡಿಯ ಕಟ್ಟೆ ಎಲ್ಲರಿಗೂ ಥಟ್ಟನೆ ಹೊಳೆಯುವ ಜಾಗ. ನೆರಳಿದೆ, ಗಂಡಸರು ಹೇಗೂ ಅಲ್ಲೇ ಕೂತಿರುತ್ತಾರೆ. ಆದರೆ ಆ ಕಟ್ಟೆಗೆ ಹೆಣ್ಣುಮಕ್ಕಳು ಬಂದು ಕೂಡುವುದಿಲ್ಲ, ಕೇರಿಯವರು ಏರುವುದಿಲ್ಲ, ಮುಸ್ಲಿಂ ಓಣಿಯ ಹಿರಿಯರು ಬರಲು ಹಿಂಜರಿಯುತ್ತಾರೆ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಬರುವುದಿಲ್ಲ ಅಷ್ಟೆ. ಶಾಲೆಯ ವರಾಂಡಾ, ಅಂಗನವಾಡಿ, ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ), ಆಯುಷ್ಮಾನ್ ಆರೋಗ್ಯ ಮಂದಿರದ ಅಂಗಳ ಇವು ಯಾರ ಜಾಗವೂ ಅಲ್ಲದ ಜಾಗಗಳು. ಊರು ದೊಡ್ಡದಿದ್ದರೆ, ತಾಂಡಾ ದೂರವಿದ್ದರೆ ಎರಡು ಕೂಟವೇ ಮಾಡಿ. ಮೆಟ್ಟಿಲು ಎರಡಕ್ಕಿಂತ ಹೆಚ್ಚಿರಬಾರದು, ಹತ್ತಿರ ಶೌಚಾಲಯ ಇರಲೇಬೇಕು. ಶೌಚಾಲಯವಿಲ್ಲದ ಜಾಗಕ್ಕೆ ಶುಗರ್ ಇರುವವರು, ಬಿಪಿಗೆಂದು ಮೂತ್ರ ಹೆಚ್ಚಿಸುವ ಗುಳಿಗಿ ತಿನ್ನುವವರು ಎರಡನೇ ವಾರ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ.

ದಿನ ಗುರುವಾರ ಬೇಡ. ಅಂದು ಲಸಿಕೆ, ಆಶಾ ಮತ್ತು ನರ್ಸಮ್ಮ ಸಿಗುವುದಿಲ್ಲ. ಸಂತೆಯ ದಿನವೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 7ಕ್ಕೆ ಶುರು ಮಾಡಿ 8:30ರೊಳಗೆ ಎಲ್ಲರೂ ಮನೆ ಸೇರುವಂತಿರಲಿ. ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಈ ಭಾಗದಲ್ಲಿ ಬೆಳಗಿನ ವೇಳೆಗೆ ಬದಲಾಗುತ್ತವೆ, 43-44 ಡಿಗ್ರಿಯಲ್ಲಿ 75ರ ಮುತ್ಯಾನನ್ನು ಹತ್ತು ಗಂಟೆಗೆ ಕರೆಯುವುದರಲ್ಲಿ ಅರ್ಥವಿಲ್ಲ.

ಮೊದಲ ಅರ್ಧ ಗಂಟೆ ಕಸರತ್ತು. 65 ದಾಟಿದವರು ಕಾಲಿನ ಬಲಕ್ಕೆ, ಮೈಯ ಸಮತೋಲಕ್ಕೆ ವಾರಕ್ಕೆ ಮೂರು ದಿನವಾದರೂ ಕಸರತ್ತು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಕೂಟದಲ್ಲಿ ಕಲಿತದ್ದನ್ನು ಮನೆಯಲ್ಲಿ ಇನ್ನೆರಡು ದಿನ ಮಾಡಿಸಬೇಕು, ಮೊಮ್ಮಕ್ಕಳಿಗೆ ಎಣಿಸುವ ಕೆಲಸ ಕೊಟ್ಟರೆ ಇದು ನಡೆಯುತ್ತದೆ. ಕಸರತ್ತು ಐದೇ: ಕುರ್ಚಿಯಿಂದ ಹತ್ತು ಸಲ ಏಳುವುದು; ಕೂತಲ್ಲೇ ಒಂದೊಂದು ಕಾಲು ನೇರ ಚಾಚಿ ಐದು ಎಣಿಸುವವರೆಗೆ ಹಿಡಿಯುವುದು, ಹತ್ತು ಸಲ; ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಹತ್ತು ಸಲ; ಗೋಡೆಗುಂಟ ಅಡ್ಡಡ್ಡ ಹತ್ತು ಹೆಜ್ಜೆ; ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ಹತ್ತು ಎಣಿಸುವವರೆಗೆ ನಿಲ್ಲುವುದು, ಕೈ ಗೋಡೆಗೆ ಹತ್ತಿರ. ಮಾತಾಡುತ್ತಾ ಮಾಡಲು ಆಗುವಷ್ಟೇ ಜೋರು. ಎದೆ ನೋವು, ತಲೆಸುತ್ತು, ಮಾತು ಬಾರದಷ್ಟು ದಮ್ಮು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಯೋಗ ಶಿಕ್ಷಕರನ್ನು ಕರೆದು ಸೂರ್ಯನಮಸ್ಕಾರ ಮಾಡಿಸುವ ಉತ್ಸಾಹ ಅಲ್ಲಲ್ಲಿ ಕಾಣುತ್ತದೆ. ಮೂಳೆ ಟೊಳ್ಳಾದ ಬೆನ್ನನ್ನು ಬಗ್ಗಿಸುವುದು ಒಳ್ಳೆಯದಲ್ಲ. ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಐದನೇ ವಾರಕ್ಕೇ ಜನ ಕಡಿಮೆಯಾಗುತ್ತಾರೆ. ಆ ಹೊತ್ತಿಗೆ ಭಜನೆ, ಚೌಕಾಬಾರ, ಹಂತಿ ಪದ ಹೇಳುವವರು, ಬೀಸುವ ಪದ ಬಲ್ಲ ಆಯಂದಿರು ಕೂಟವನ್ನು ಹಿಡಿದಿಡುತ್ತಾರೆ. ಕಸರತ್ತಿಗೆಂದು ಬಂದವರಿಗಿಂತ ಹರಟೆಗೆ ಬಂದವರೇ ಕೊನೆಯವರೆಗೆ ಬರುತ್ತಾರೆ.

ಬಿಪಿ, ಶುಗರ್, ಮತ್ತು ನೋವಿನ ಗುಳಿಗಿ

ಬಹಳ ಪಂಚಾಯಿತಿಗಳಿಗೆ ಗ್ರಾಮ ಆರೋಗ್ಯ ಕಾರ್ಯಕ್ರಮದಲ್ಲಿ ಬಿಪಿ ಯಂತ್ರ, ಶುಗರ್ ಯಂತ್ರ ಇರುವ ಕಿಟ್ ಬಂದಿದೆ. ಅದು ಕಪಾಟಿನಲ್ಲಿದ್ದರೆ ಹೊರಗೆ ತೆಗೆಸಿ, ಮೊದಲು ಸೆಲ್ಲು, ಆಮೇಲೆ ಶುಗರ್ ಯಂತ್ರಕ್ಕೆ ಹಾಕುವ ಪಟ್ಟಿಯ (ಸ್ಟ್ರಿಪ್) ಅವಧಿ ನೋಡಿ. ಅವಧಿ ಮೀರಿದ ಪಟ್ಟಿ, ಬಿಸಿಲಿಗೆ ಬಿದ್ದ ಪಟ್ಟಿ ತಪ್ಪು ಅಂಕಿ ತೋರಿಸುತ್ತದೆ.

ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂಡಿಸಬೇಕು, ಅರ್ಧ ಗಂಟೆಯಲ್ಲಿ ಚಹಾ, ತಂಬಾಕು, ಬೀಡಿ ಆಗಿರಬಾರದು, ಕೈ ಎದೆಯ ಮಟ್ಟಕ್ಕೆ ಆಸರೆ ಪಡೆದಿರಬೇಕು, ಪಟ್ಟಿ ಬರಿ ತೋಳಿಗೇ ಕಟ್ಟಬೇಕು. ಎರಡು ಸಲ ನೋಡಿ ಬರೆಯಬೇಕು. ಹಿರಿಯರಲ್ಲಿ ಇದಕ್ಕಿಂತ ಮುಖ್ಯವಾದ, ಯಾರೂ ಮಾಡದ ಇನ್ನೊಂದು ಪರೀಕ್ಷೆ ಇದೆ. ಐದು ನಿಮಿಷ ಮಲಗಿಸಿ ನೋಡಿ, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡುವುದು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ರಾತ್ರಿ ಮೂತ್ರಕ್ಕೆ ಎದ್ದವರು ತಲೆ ತಿರುಗಿ ಬೀಳುವುದು ಯಾಕೆ ಎಂದು ಗೊತ್ತಾಯಿತು. ಈ ಅಂಕಿಗಳನ್ನು ಬರೆದು ವೈದ್ಯರಿಗೆ ಕಳಿಸಿ, ಗುಳಿಗಿಯ ಪ್ರಮಾಣ, ವೇಳೆ ಅವರು ಬದಲಿಸುತ್ತಾರೆ. ಕೂಟದವರು ತಾವಾಗಿ ಗುಳಿಗಿ ನಿಲ್ಲಿಸಬಾರದು.

ಶುಗರ್ ಇರುವವರಲ್ಲಿ ಏರಿದ ಅಂಕಿಗಿಂತ ಇಳಿದ ಅಂಕಿ ಬೇಗ ಜೀವ ತೆಗೆಯುತ್ತದೆ. ಗ್ಲಿಮೆಪಿರೈಡ್ ಥರದ ಗುಳಿಗಿ ಅಥವಾ ಇನ್ಸುಲಿನ್ ತಗೊಂಡು ಶ್ರಾವಣ ಸೋಮವಾರದ ಒಪ್ಪತ್ತು, ಏಕಾದಶಿ, ರೋಜಾ ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಬೆವರು, ನಡುಕ, ಗೊಂದಲ ಬರುತ್ತದೆ. 70ಕ್ಕಿಂತ ಕೆಳಗಿದ್ದರೆ, ಎಚ್ಚರವಿದ್ದವರಿಗೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನು. ಉಪವಾಸ ಬಿಡಿ ಎಂದು ಹೇಳಿದರೆ ಕೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಶ್ರಾವಣ ಅಥವಾ ರಮಜಾನ್ ಶುರುವಾಗುವ ಎರಡು ವಾರ ಮೊದಲೇ ವೈದ್ಯರಿಂದ ಗುಳಿಗಿಯ ವೇಳೆ ತಿದ್ದಿಸಿಕೊಂಡು ಬರುವುದು ನಡೆಯುವ ದಾರಿ.

ಮೊಣಕಾಲು ಬ್ಯಾನಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್ ಬಿಪಿ ಏರಿಸುತ್ತದೆ, ಕಿಡ್ನಿ ಕೆಡಿಸುತ್ತದೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ. ಬಣ್ಣದ ಪುಡಿಯ ಪೊಟ್ಟಣ, 'ಒಂದು ಸೂಜಿ ಹಾಕಿಸ್ಕೊಂಡ್ರ ಹದಿನೈದು ದಿನ ಆರಾಮ' ಎನ್ನುವ ಚಿಕಿತ್ಸೆ, ಇವುಗಳಲ್ಲಿ ಸ್ಟೆರಾಯ್ಡ್ ಇರುವ ಸಾಧ್ಯತೆ ಹೆಚ್ಚು. ಆರಾಮಾಗುವುದು ಅದರಿಂದಲೇ, ಶುಗರ್ ಏರುವುದೂ ಮೂಳೆ ಸವೆಯುವುದೂ ಅದರಿಂದಲೇ. ತಿಂಗಳಿಗೊಮ್ಮೆ ಎಲ್ಲರೂ ತಮ್ಮ ಮನೆಯ ಗುಳಿಗಿಯನ್ನೆಲ್ಲ ಒಂದು ಚೀಲದಲ್ಲಿ ಕೂಟಕ್ಕೆ ತರುವ ರೂಢಿ ಮಾಡಿಸಿ. ಒಂದೇ ಔಷಧಿ ಎರಡು ಹೆಸರಲ್ಲಿ, ಗಂಡನ ಗುಳಿಗಿ ಹೆಂಡತಿಯ ಚೀಲದಲ್ಲಿ, ಅವಧಿ ಮುಗಿದವು, ಎಲ್ಲ ಹೊರಬೀಳುತ್ತವೆ. ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಅಂದು ಕೂಟದಲ್ಲಿರಲಿ. ತಿಂಗಳ ಗುಳಿಗಿ ಅಲ್ಲೇ ಹಂಚಿದರೆ, ಬರಲಾರದವರ ಪಾಲನ್ನು ಅದೇ ದಿನ ಮನೆಗೆ ಮುಟ್ಟಿಸಬಹುದು.

ಇದೆಲ್ಲದರ ಜೊತೆ ಈ ಭಾಗದ್ದೇ ಆದ ಒಂದು ಕಾರಣವನ್ನು ಮರೆಯಬಾರದು. ಯಾದಗಿರಿ, ಕಲಬುರಗಿಯ ಕೆಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಬೆನ್ನು, ಕುತ್ತಿಗೆ ಬಿಗಿಯುತ್ತವೆ, ಕೀಲು ಹಿಡಿಯುತ್ತವೆ, ಎಲ್ಲರೂ ಅದನ್ನು ವಾತ ಎನ್ನುತ್ತಾರೆ. ಒಂದೇ ಓಣಿಯ ಬಹಳ ಜನ ಕುತ್ತಿಗೆ ತಿರುಗಿಸಲಾರದೆ ಇದ್ದರೆ, ಮಕ್ಕಳ ಹಲ್ಲಲ್ಲಿ ಕಂದು ಪಟ್ಟಿ ಇದ್ದರೆ ಪಂಚಾಯಿತಿಯಲ್ಲಿರುವ ನೀರು ಪರೀಕ್ಷೆ ಕಿಟ್‌ನಿಂದ ನೋಡಿಸಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ಕ್ಯಾನು ಹೊತ್ತು ತರಲಾರದ ಮನೆಗಳಿಗೆ ನೀರು ಮುಟ್ಟಿಸುವ ಸರದಿ ಹಾಕಬೇಕಾಗುತ್ತದೆ.

ತಾಟಿನಲ್ಲಿ ಏನಿರಬೇಕು

ಮುಪ್ಪಿನಲ್ಲಿ ಸ್ನಾಯು ಕರಗದಿರಲು ದೇಹದ ತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂಬುದು ತಜ್ಞರ ಈಗಿನ ಅಭಿಪ್ರಾಯ. ಕಿಡ್ನಿ ಕೆಟ್ಟವರು ಮಾತ್ರ ವೈದ್ಯರನ್ನು ಕೇಳಬೇಕು. 50 ಕಿಲೋ ತೂಕದ ಆಯಿಗೆ 50ರಿಂದ 60 ಗ್ರಾಂ. ಇದು ನಮ್ಮ ಊಟದಲ್ಲೇ ಇದೆ: 60 ಗ್ರಾಂ ಹಿಟ್ಟಿನ ನಾಲ್ಕು ಜೋಳದ ರೊಟ್ಟಿಯಿಂದ ಸುಮಾರು 24, ಹಸಿ ತೂಕದಲ್ಲಿ 50 ಗ್ರಾಂ ತೊಗರಿಬೇಳೆಯಿಂದ 11, ಎರಡು ಚಮಚ ಶೇಂಗಾ ಹಿಂಡಿಯಿಂದ (ಚಟ್ನಿಪುಡಿ) 5, ಒಂದು ಲೋಟ ಹಾಲಿನಿಂದ 6, ಒಂದು ತತ್ತಿಯಿಂದ 6. ಸೇರಿದರೆ 52. ಆದರೆ ನಡೆಯುವುದು ಬೇರೆ. ಹಲ್ಲಿಲ್ಲ ಎಂದು ರೊಟ್ಟಿ ಎರಡಕ್ಕಿಳಿಯುತ್ತದೆ, ಬ್ಯಾಳಿ ನೀರಾಗಿರುತ್ತದೆ, ಹಾಲು ಡೈರಿಗೆ ಹೋಗುತ್ತದೆ, ತತ್ತಿ ಮೊಮ್ಮಗನಿಗೆ. ಉಳಿದದ್ದು ಅನ್ನ, ಸಾರು, ಐದಾರು ಕಪ್ಪು ಸಕ್ಕರೆ ಚಹಾ.

ಜಾಸ್ತಿ ತಿನ್ನಿ ಎಂಬ ಉಪದೇಶಕ್ಕಿಂತ ಮೆತ್ತಗೆ ಮಾಡುವ ದಾರಿ ತೋರಿಸುವುದು ಉಪಯೋಗ. ರೊಟ್ಟಿಯನ್ನು ಬಿಸಿಯಿರುವಾಗಲೇ ಮುರಿದು ಗಟ್ಟಿ ಬ್ಯಾಳಿಯಲ್ಲಿ ನೆನೆಸಿ ಕಲಸುವುದು, ಜೋಳದ ನುಚ್ಚಿಗೆ ಹೆಸರುಬೇಳೆ ಹಾಕಿ ಕುದಿಸುವುದು, ಮಡಕಿ ಕಾಳನ್ನು ಮೊಳಕೆ ಬರಿಸಿ ಬೇಯಿಸಿ ಹಿಸುಕುವುದು, ಪುಂಡಿ ಪಲ್ಲೆಗೆ ಕಡ್ಲಿಬ್ಯಾಳಿ ಸೇರಿಸುವುದು. ಕೂಟದ ದಿನ ತಲೆಗೆ 40 ಗ್ರಾಂ ಕಾಳಿನ ಮೆತ್ತನೆ ಗುಗ್ಗರಿ ಅಥವಾ ಒಂದು ತತ್ತಿ ಸಾಕು. 30 ಜನಕ್ಕೆ ಒಂದು ಕಿಲೋ ಇನ್ನೂರು ಗ್ರಾಂ ಕಾಳು. ಬಿಸ್ಕತ್ತು ಹಂಚುವುದು ಸುಲಭ, ಅದರಲ್ಲಿ ಮೈದಾ ಸಕ್ಕರೆ ಬಿಟ್ಟು ಏನಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಬರುವ ಹಣದಲ್ಲಿ ತೂಕದ ಯಂತ್ರ, ಚಾರ್ಟು ಕೊಳ್ಳಬಹುದು. ಗುಗ್ಗರಿಯ ಕಾಳನ್ನು ರಾಶಿಯ ಕಾಲದಲ್ಲಿ ರೈತರಿಂದ ಸೇರು ಲೆಕ್ಕದಲ್ಲಿ ಎತ್ತಿದರೆ ವರ್ಷಕ್ಕಾಗುತ್ತದೆ. ಜಾತ್ರೆಗೆ ಎತ್ತುವ ಊರುಗಳಿಗೆ ಇದು ಹೊಸದಲ್ಲ.

ಬೇಸಿಗೆಯಲ್ಲಿ ಮುದುಕರಿಗೆ ನೀರಡಿಕೆಯೇ ಗೊತ್ತಾಗುವುದಿಲ್ಲ, ಬಾಯಾರಿದಾಗ ಕುಡಿಯಿರಿ ಎಂದರೆ ಕುಡಿಯದೇ ಉಳಿಯುತ್ತಾರೆ. ಬೆಳಿಗ್ಗೆ ಎರಡು ಲೀಟರ್ ಬಾಟಲಿ ತುಂಬಿಸಿಟ್ಟು ಸಂಜೆಗೆ ಖಾಲಿ ಮಾಡಿಸುವುದು ಒಂದು ಉಪಾಯ. ಹೃದಯ, ಕಿಡ್ನಿ ತೊಂದರೆಗೆ ನೀರು ಕಡಿಮೆ ಹೇಳಿದ್ದವರಿಗೆ ಇದು ಅನ್ವಯಿಸುವುದಿಲ್ಲ. ಮೈ ಕೆಂಡವಾಗಿ ಮಾತು ತೊದಲಿದರೆ ಅದು ಬಿಸಿಲಿನ ಹೊಡೆತ, 108 ಬರುವವರೆಗೆ ನೆರಳಲ್ಲಿ ಮಲಗಿಸಿ ಮೈಗೆ ನೀರು ಹಾಕಿ ಗಾಳಿ ಬೀಸಬೇಕು.

ಮನೆಯೊಳಗಿನ ಬೀಳುವ ಜಾಗ

ತೊಡೆ ಮೂಳೆ ಮುರಿದ ಹಿರಿಯರಲ್ಲಿ ಬಹಳ ಜನ ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಬಿದ್ದ ಜಾಗ ಕೇಳಿದರೆ ಬಚ್ಚಲು, ಹೊಸ್ತಿಲು, ರಾತ್ರಿ ಅಂಗಳ ಎನ್ನುತ್ತಾರೆ. ಬಚ್ಚಲಿಗೆ ಹಾಸುವ ಶಹಾಬಾದ್ ಫರಸಿ ನೀರು, ಸೋಪು ಬಿದ್ದರೆ ಜಾರುತ್ತದೆ. ಕಲ್ಲಿಗೆ ಉಳಿಯಿಂದ ಅಂಗುಲಕ್ಕೊಂದು ಗೆರೆ ಹೊಡೆಸುವುದು ಗೌಂಡಿಗೆ ಅರ್ಧ ದಿನದ ಕೆಲಸ. ಶೌಚಾಲಯದ ಗೋಡೆಗೆ ಒಂದೂಕಾಲು ಇಂಚಿನ ಕಬ್ಬಿಣದ ಪೈಪನ್ನು ನೆಲದಿಂದ 33-36 ಇಂಚು ಎತ್ತರಕ್ಕೆ ಕೂಡಿಸಿ. ಮಣ್ಣಿನ ಗೋಡೆಗೆ ಮೊಳೆ ನಿಲ್ಲುವುದಿಲ್ಲ, ನೆಲಕ್ಕೆ ಕಾಂಕ್ರೀಟಿನಲ್ಲಿ ಹುಗಿದ ಕಂಬವೇ ಬೇಕು. ಸಡಿಲ ಪೈಪು ಇಲ್ಲದ ಪೈಪಿಗಿಂತ ಕೆಟ್ಟದ್ದು. ಹೊಸ್ತಿಲಿಗೆ ಸುಣ್ಣ ಅಥವಾ ಹಳದಿ ಬಣ್ಣದ ಪಟ್ಟಿ ಬಳಿದರೆ ಮಂಜುಗಣ್ಣಿಗೂ ಕಾಣುತ್ತದೆ. ನುಲಿ ಜೋತ ಹೊರಸಿನಿಂದ ಏಳುವುದು ಕಷ್ಟ, ನುಲಿ ಬಿಗಿಸಬೇಕು.

ಬಡಿಗೆ ಎಲ್ಲರಲ್ಲೂ ಇರುತ್ತದೆ, ಅಳತೆ ತಪ್ಪಿರುತ್ತದೆ. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬಡಿಗೆಯ ಹಿಡಿ ಬರಬೇಕು, ತುದಿಗೆ ರಬ್ಬರು ಇರಬೇಕು, ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಹಳ ಜನ ನೋಯುವ ಬದಿಯಲ್ಲೇ ಹಿಡಿಯುತ್ತಾರೆ. ವಾಕರ್, ಗಾಲಿ ಕುರ್ಚಿ, ಕಿವಿ ಯಂತ್ರ, ಹಲ್ಲಿನ ಸೆಟ್ಟು, ಕನ್ನಡಕ ಇವು ಬಿಪಿಎಲ್ ಇರುವ ಅಥವಾ ತಿಂಗಳ ಆದಾಯ 15,000 ಮೀರದ 60 ದಾಟಿದವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಉಚಿತ. ಅಳತೆ ಶಿಬಿರದ ದಿನ ಗಾಡಿ ಮಾಡಿ ಎಲ್ಲರನ್ನೂ ಒಮ್ಮೆಗೆ ಕರೆದೊಯ್ಯುವುದು ಪುನರ್ವಸತಿ ಕಾರ್ಯಕರ್ತರ ಜೊತೆ ಕೂಟ ಮಾಡಬೇಕಾದ ಕೆಲಸ.

ಪಗಾರ ನಿಂತರೆ

65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್‌ನಲ್ಲಿ. ಬಂದ ಪಗಾರ ನಡುವೆ ನಿಲ್ಲುವುದೇ ಹೆಚ್ಚಿನ ಗೋಳು, ಬಹಳ ಸಲ ಅದು ನಿಂತೇ ಇರುವುದಿಲ್ಲ. ಸರ್ಕಾರದ ಹಣ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಗೃಹಲಕ್ಷ್ಮಿಗೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರೆ ಪಗಾರವೂ ಅಲ್ಲಿಗೇ ಹೋಗಿ ಕೂತಿರುತ್ತದೆ, ಆಯಿ ಹಳೆಯ ಪಾಸ್‌ಬುಕ್ ಹಿಡಿದು ಹಳೆಯ ಬ್ಯಾಂಕಿಗೆ ಅಲೆಯುತ್ತಿರುತ್ತಾಳೆ. ಮೊದಲು ಯಾವ ಖಾತೆಗೆ ಜೋಡಣೆ ಇದೆ ಎಂದು ನೋಡಿಸಿ, ಆಮೇಲೆ ದೂರು. ಸವೆದ ಬೆರಳು ಯಂತ್ರಕ್ಕೆ ಹತ್ತದಿದ್ದರೆ ಬೇರೆ ಬೆರಳು, ಕೈ ತೊಳೆದು ಒರೆಸಿ ಮತ್ತೊಮ್ಮೆ, ಆಗಲೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಬೇಕು. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಪೋಸ್ಟ್‌ಮ್ಯಾನ್ ಮನೆಯಲ್ಲೇ ಹಣ ಕೊಡಬಲ್ಲರು.

ಮಕ್ಕಳು ಹೊಲ ಬರೆಸಿಕೊಂಡು ಊಟ ಹಾಕದಿದ್ದರೆ 2007ರ ಪಾಲಕರ ಪೋಷಣೆ ಕಾಯ್ದೆಯಡಿ ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಕಚೇರಿಗಳು ಕಲಬುರಗಿ, ಸೇಡಂ, ಬೀದರ್, ಬಸವಕಲ್ಯಾಣ, ಯಾದಗಿರಿಯಲ್ಲಿವೆ. ತಿಂಗಳಿಗೆ 10,000ದವರೆಗೆ ಪೋಷಣೆ ಆದೇಶಿಸಬಹುದು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, 23ನೇ ಕಲಂ ಪ್ರಕಾರ ರದ್ದು ಮಾಡಿಸಬಹುದು. ಅದಕ್ಕೇ ದಾನಪತ್ರ ಬರೆಯುವಾಗಲೇ ಆ ಷರತ್ತಿನ ಸಾಲು ಹಾಕಿಸಿ ಎಂದು ಕೂಟದಲ್ಲಿ ಹೇಳಿಡಬೇಕು. ಮೊದಲ ಸಲಹೆಗೆ 14567 ಸಹಾಯವಾಣಿ ಇದೆ.

ಆರನೇ ತಿಂಗಳಿಗೆ ಏನು ನೋಡಬೇಕು

ಇಂಥ ಕೂಟಗಳು ಮುರಿಯುವುದು ಒಂದೇ ರೀತಿಯಲ್ಲಿ. ಎಲ್ಲ ಹೊರೆ ಆಶಾ ಮೇಲೆ ಬೀಳುತ್ತದೆ, ಅವರಿಗೆ ಹೆರಿಗೆ, ಲಸಿಕೆ, ಸರ್ವೆ ಬಂದ ವಾರ ಕೂಟ ಇಲ್ಲ, ಎರಡು ವಾರ ತಪ್ಪಿದರೆ ಮೂರನೆಯದು ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಕೂಟ ನಡೆಸುವವರು ಹಿರಿಯರೇ ಆಗಿರಲಿ, 60-68ರ ಗಟ್ಟಿಮುಟ್ಟಾದ ನಾಲ್ಕೈದು ಜನ, ಅರ್ಧ ಹೆಂಗಸರು. ಸಂಜೀವಿನಿ ಯೋಜನೆಯಲ್ಲಿ ಹಿರಿಯರದ್ದೇ ಸ್ವಸಹಾಯ ಗುಂಪು ಮಾಡಬಹುದು, ಅದಕ್ಕೆ ಐವರಿದ್ದರೂ ಸಾಕು, ಗಂಡಸರೂ ಸೇರಬಹುದು. ಪ್ರತಿ ಓಣಿಗೆ ಇವರಲ್ಲಿ ಒಬ್ಬರು. ಎರಡು ವಾರ ಕಾಣದವರ ಮನೆಗೆ ಅಂದೇ ಸಂಜೆ ಅವರು ಹೋಗಬೇಕು: 'ಮುತ್ಯಾ, ಎರಡು ವಾರ ಆತು, ಯಾಕ ಬಂದಿಲ್ರಿ?'

ಆರು ತಿಂಗಳಾದಾಗ ವಾರ್ಡ್ ಸಭೆಗೆ ನಾಲ್ಕು ಅಂಕಿ ಒಯ್ಯಿರಿ. ಪಟ್ಟಿಯಲ್ಲಿದ್ದೂ ಒಮ್ಮೆಯೂ ಬಾರದವರು ಎಷ್ಟು, ಅವರಲ್ಲಿ ಮನೆ ಭೇಟಿ ಆದವರು ಎಷ್ಟು. ಐದು ಸಲ ಕುರ್ಚಿಯಿಂದ 14 ಸೆಕೆಂಡಿನೊಳಗೆ ಎದ್ದವರು ಮೊದಲು ಎಷ್ಟಿದ್ದರು, ಈಗ ಎಷ್ಟು. ಬಿಪಿ 140/90ರ ಕೆಳಗೆ ಬಂದವರು ಎಷ್ಟು. ಬಿದ್ದವರು ಎಷ್ಟು, ಎಲ್ಲಿ ಬಿದ್ದರು. ಕೊನೆಯ ಅಂಕಿ ಮೊದಮೊದಲು ಏರುತ್ತದೆ, ಯಾಕೆಂದರೆ ಮೊದಲು ಯಾರೂ ಕೇಳುತ್ತಿರಲಿಲ್ಲ. ಅದನ್ನು ಕಡಿಮೆ ಬರೆಯುವಂತೆ ಯಾರಾದರೂ ಹೇಳಿದರೆ ಕೇಳಬೇಡಿ, ಬಚ್ಚಲ ಫರಸಿಗೆ ಗೆರೆ ಹೊಡೆಸಲು ಪಂಚಾಯಿತಿಯಿಂದ ಹಣ ಬರುವುದು ಆ ಅಂಕಿಯಿಂದಲೇ.